ಸಪ್ಪಳದ ಮಾಲಕರು

“ಇನ್ನೊಮ್ಮಿ ಅನ್ನಲೇ ಧರ್ಮ್ಯಾ, ಎಲ್ಲಾರೂ ಕೇಳ್ಲಿ. ಹಾಡು ನಂದು ಅಂತ ಅನ್ನು, ಬೋಳಿಮಗನ!”

ನಾನು ಬಾಗಿಲ ಕಡೆ ನೋಡಿದೆ. ಕಾರಖಾನೆಯ ಆಫೀಸಿನ ಹೊರಗೆ ಏಳೆಂಟು ಜನ ಟವೆಲಿನ ಗಂಟು ಹೊತ್ತು ನಿಂತಿದ್ದರು. ಅವರಿಗೆ ಕೇಳಲಿ ಎಂದೇ ಮಾಲಕರ ಮಗ ಯೋಗಿರಾಜ ಬಾಗಿಲು ತೆರೆದಿಟ್ಟಿದ್ದ.

“ಮಗ್ಗ ಯಾರ್ದು?”

“ನಿಮ್ದರಿ.”

“ಕರೆಂಟ್ ಬಿಲ್ ಯಾರ್ ಭರತಾರ?”

“ನೀವರಿ.”

“ಮತ್ತ ಮಗ್ಗದ ಸಪ್ಪಳ ನಿಂದು ಹ್ಯಾಂಗ ಆತಲೇ? ನಿಮ್ಮಪ್ಪ ಊರಾಗ, ವಾಗದರಿಯೊಳಗ, ನಮ್ಮ ವಾಡೇದ ಮುಂದ ಹಲಗಿ ಬಾರ್ಸಿ ರೊಟ್ಟಿ ಒಯ್ತಿದ್ದ. ಹಲಗಿ ನಂದು ಅಂತ ಎಂದರ ಅಂದಿದ್ನೇನು?”

ಹಲಗೆ ಅಪ್ಪನದೇ ಆಗಿತ್ತು. ಚರ್ಮ ಹದ ಮಾಡಿ, ಬಿಗಿದು, ಬೆಂಕಿಗೆ ಕಾಯಿಸಿದವನು ಅವನೇ. ಈ ಉತ್ತರ ನನಗೆ ಹೊಳೆದದ್ದು ನಾಲ್ಕು ದಿನದ ಮೇಲೆ, ಪಾಯಖಾನೆಯಲ್ಲಿ ಕೂತಾಗ. ಆಫೀಸಿನಲ್ಲಿ ಆಗ ನನ್ನ ಬಾಯಿಂದ ಬಂದದ್ದು ಇಷ್ಟೇ: “ಇಲ್ರಿ ದಾದಾ. ತಪ್ಪಾತ್ರಿ.”

ನನ್ನ ಪರಿಚಯ ಹೇಳಬೇಕು. ಹೆಸರು ಧರ್ಮರಾಜ. ಸೊಲ್ಲಾಪುರದಲ್ಲಿ ಸಾತಲಿಂಗಪ್ಪ ಶೇಟ್ರ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಟವೆಲ್ ನೇಯುತ್ತೇನೆ. ಉಳಿದ ಹೊತ್ತು ಇಲೆಕ್ಟ್ರಾನಿಕ್ ಸಂಗೀತದ ಸ್ವತಂತ್ರ ಕಲಾವಿದ. ಸ್ವತಂತ್ರ ಎಂದರೆ ಕೇಳುವವರ ಕಾಟವಿಲ್ಲದವನು. ತಿಂಗಳಿಗೆ ಹತ್ತೊಂಬತ್ತು ಜನ ಕೇಳುತ್ತಾರೆ ಎಂದು ಆ್ಯಪ್ ತೋರಿಸುತ್ತಿತ್ತು. ಅದರಲ್ಲಿ ಐವರು ನಾನೇ, ಗೆಳೆಯರ ಫೋನು ಇಸಿದುಕೊಂಡು. ಒಬ್ಬ ಬ್ರೆಜಿಲ್‌ನಲ್ಲಿದ್ದ. ಅವನು ಸಿಕ್ಕ ದಿನದಿಂದ ಒಂದು ವಾರ ನಾನು ಶೆಡ್ಡಿನಲ್ಲಿ ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ಪರದೇಶಕ್ಕೆ ಹೋದವರಿಗೆ ಸ್ವಲ್ಪ ಸೊಕ್ಕು ಇರಬೇಕಲ್ಲ.

ಹೆಂಡತಿ ನಂದಾ ಬೀಡಿ ಕಟ್ಟುತ್ತಾಳೆ. ನಾನು ಮೂಲೆಯಲ್ಲಿ ಕೂತು ಕಿವಿಗೆ ವೈರು ಸಿಕ್ಕಿಸಿಕೊಂಡರೆ ಎಲೆ ಕತ್ತರಿಸುತ್ತಲೇ ಶುರು ಮಾಡುತ್ತಾಳೆ. “ಹಗಲೆಲ್ಲಾ ಕಿವಿ ಹರಿಯಂಗ ಮಗ್ಗದ ಸಪ್ಪಳ ಕೇಳ್ತೀರಿ. ಮನಿಗಿ ಬಂದು ಮತ್ತ ಅದನ್ನಽ ಕಿವ್ಯಾಗ ತುರಕೋತೀರಿ. ತಲಿ ಜಾಗಾದ ಮ್ಯಾಲ ಅದನೋ ಇಲ್ಲೋ?”

ಆಕೆ ಹೇಳುವುದು ಸುಳ್ಳಲ್ಲ. ನನ್ನ ಸಂಗೀತವೆಲ್ಲ ನಾನು ನಡೆಸುವ ಹದಿನಾಲ್ಕನೇ ನಂಬರಿನ ಮಗ್ಗದ್ದೇ. ಲಾಳಿ ಮಗ್ಗದ ಅಂಚಿನ ಪೆಟ್ಟಿಗೆಗೆ ಬಡಿಯುವ ಏಟು ಡ್ರಮ್ಮಿನ ಬದಲು. ಪಕ್ಕದಲ್ಲಿ ಕಂಡಿಕೆಗೆ ನೂಲು ಸುತ್ತುವ ಯಂತ್ರದ ಗುಂಯ್ ತಂಬೂರಿಯ ಬದಲು. ದಾರ ಹರಿದಾಗ ಬರುವ ಟಿಕ್ ಎಂಬ ಸದ್ದು ತಾಳಕ್ಕೆ. ಮೂರು ತಿಂಗಳು ಅಂಗಿಯ ಜೇಬಿನಲ್ಲಿ ಫೋನಿಟ್ಟು ಹಿಡಿದು, ಪುಕ್ಕಟೆ ಆ್ಯಪಿನಲ್ಲಿ ಕತ್ತರಿಸಿ, ಒಂದರ ಮೇಲೊಂದು ಪೇರಿಸಿ ‘ಹದಿನಾಲ್ಕನೇ ಮಗ್ಗ’ ಎಂಬ ನಾಲ್ಕು ನಿಮಿಷದ ಹಾಡು ಮಾಡಿದ್ದೆ. ಹಾಡೆಂದರೆ ಮಾತಿಲ್ಲ. ಬರೀ ಸಪ್ಪಳ.

ಅದನ್ನು ಯೋಗಿರಾಜ ಕದ್ದ ಎಂದರೆ ಕಳ್ಳರಿಗೆ ಅವಮಾನ. ಪೆನ್ ಡ್ರೈವಿನಲ್ಲಿ ಹಾಕಿ, ಎರಡೂ ಕೈಯಲ್ಲಿ ಹಿಡಿದು, ನಾನೇ ಒಯ್ದು ಕೊಟ್ಟಿದ್ದೆ. ಮಾಲಕರ ಮಗ. ಲಾರಿಯ ಮೇಲೆ ಸ್ಪೀಕರಿನ ಗೋಡೆ ಕಟ್ಟಿ ಮದುವೆಗಳಲ್ಲಿ ಡಿಜೆ ಬಾರಿಸುವವನು. ಬೆನ್ನು ತಟ್ಟುತ್ತಾನೆ ಎಂಬ ಆಸೆ. ನಾಯಿ ರೊಟ್ಟಿ ಕಂಡರೆ ಬಾಲ ಅಲ್ಲಾಡಿಸುತ್ತದೆ, ನಾನು ಬರಿಗೈ ಕಂಡರೂ ಸಾಕು.

ಎರಡು ತಿಂಗಳ ಮೇಲೆ ಶೇಟ್ರ ಬಳಗದವರ ಮದುವೆಗೆಂದು ಅಕ್ಕಲಕೋಟೆಗೆ ನಮ್ಮನ್ನು ಹೊರೆ ಹೊರಲು ಕರೆದೊಯ್ದರು. ಬಸ್ ಸ್ಟ್ಯಾಂಡಿನ ಎದುರು ಮೆರವಣಿಗೆ ನಿಂತಿತು, ಲಾರಿಯಿಂದ ನನ್ನ ಲಾಳಿ ಬಡಿಯತೊಡಗಿತು. ಅರ್ಧ ನಿಮಿಷಕ್ಕೊಮ್ಮೆ ಒಬ್ಬ ಹುಡುಗಿಯ ದನಿ: “ಡಿಜೆ ಯೋಗಿ! ಸೊಲ್ಲಾಪುರ!” ಎದೆಯ ಎಲುಬು ನಡುಗುವಂತಿತ್ತು. ನನ್ನ ಚಿಕ್ಕ ಫೋನಿನಲ್ಲಿ ನಾನೇ ಎಂದೂ ಅಷ್ಟು ಚೆನ್ನಾಗಿ ಅದನ್ನು ಕೇಳಿರಲಿಲ್ಲ. ಆಗ ನಾನೇನು ಮಾಡಬೇಕಿತ್ತು? ಲಾರಿ ಹತ್ತಿ ಕೂಗಬೇಕಿತ್ತು. ನಾನು ಕುಣಿದೆ. ಎಲ್ಲರಿಗಿಂತ ಮುಂದೆ ನಿಂತು, ಅಂಗಿಯೆಲ್ಲ ತೊಯ್ಯುವಂತೆ ಕುಣಿದೆ. ಮದುಮಗನ ಸೋದರಮಾವ ಖುಷಿಯಾಗಿ ನನ್ನ ಹಣೆಗೆ ಗುಲಾಲು ಹಚ್ಚಿದ.

ಯೋಗಿರಾಜ ಅಷ್ಟರಲ್ಲಿ ಹಾಡನ್ನು ಮುಂಬೈಯ ಒಂದು ಕಂಪನಿಯ ಮೂಲಕ ಎಲ್ಲ ಆ್ಯಪಿಗೂ ಏರಿಸಿದ್ದ. ಕಬ್ಬು ಕಡಿಯುವವರಿಂದ ಹಿಡಿದು ಕಾಲೇಜು ಹುಡುಗಿಯರ ತನಕ ಅದಕ್ಕೆ ರೀಲ್ಸ್ ಮಾಡಿದರು. ತಿಂಗಳು ಕಳೆಯುವುದರೊಳಗೆ ನನ್ನ ಫೋನಿಗೆ ಒಂದು ಸಂದೇಶ ಬಂತು. ನಿಮ್ಮ ಸಂಗೀತ ಡಿಜೆ ಯೋಗಿ ಅವರ ಸಂಗೀತವನ್ನು ಹೋಲುತ್ತದೆ, ಆದ್ದರಿಂದ ತೆಗೆದುಹಾಕಲಾಗಿದೆ. ಹತ್ತೊಂಬತ್ತೂ ಜನ ಹೋದರು. ಬ್ರೆಜಿಲ್ ಕೂಡ ಹೋಯಿತು. ಅದನ್ನೇ ಕೇಳಲೆಂದು ಆಫೀಸಿಗೆ ಹೋಗಿ, ಆಗಲೇ ಹೇಳಿದಂತೆ ತಪ್ಪೊಪ್ಪಿಕೊಂಡು ಬಂದೆ.

ಮಾನ ಇದ್ದವನು ಕೆಲಸ ಬಿಡುತ್ತಿದ್ದ. ನಾನು ಹೊಸ ಹಾಡು ಶುರು ಮಾಡಿದೆ.

ಧ್ವನಿ ಹಿಡಿಯುವ ಆ್ಯಪಿನ ಪುಕ್ಕಟೆ ದಿನಗಳು ಮುಗಿದಿದ್ದವು. ಅದಕ್ಕೆ ಫೋನನ್ನು ಕಿಟಕಿಯ ಕಟ್ಟೆಗೆ ಆನಿಸಿ ವಿಡಿಯೊ ಹಚ್ಚಿ ಬಿಟ್ಟಿದ್ದೆ. ಮಧ್ಯಾಹ್ನದ ಹೊತ್ತು. ಕಂಡಿಕೆ ಸುತ್ತುವ ಗುರಮ್ಮಕ್ಕ ನನ್ನ ಮಗ್ಗದ ಕೆಳಗಿನ ಅರಳೆ ಗುಡಿಸುತ್ತಿದ್ದಳು. ಮೋಟರಿನ ಬೆಲ್ಟಿಗೆ ಕೈ ಸಿಕ್ಕದಂತೆ ಕಬ್ಬಿಣದ ಜಾಳಿ ಇರಬೇಕು. ದುರಸ್ತಿಗೆ ಪ್ರತಿ ಸಲ ಬಿಚ್ಚುವುದು ತಡವಾಗುತ್ತದೆ ಎಂದು ಶೇಟ್ರು ಅದನ್ನು ದೀಪಾವಳಿಯ ಮುಂಚೆಯೇ ತೆಗೆಸಿದ್ದರು. ಆಕೆಯ ಸೆರಗು ಸಿಕ್ಕಿತು, ಸೆರಗು ಬಿಡಿಸಲು ಹೋದ ಕೈ ಸಿಕ್ಕಿತು.

“ಬಂದ್ ಮಾಡಬ್ಯಾಡ್ರೋ!” ಸಾತಲಿಂಗಪ್ಪ ಶೇಟ್ರು ಬಾಗಿಲಿನಿಂದಲೇ ಒದರಿದರು. “ಬಟ್ಟಿ ಹಾಳಾಗ್ತದ! ಆಕಿನ್ನ ಹಿಂದಕ ಜಗ್ಗ್ರಿ!”

ಯಾರೂ ಬಂದ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಇಬ್ಬರು ಹೆಂಗಸರು ಜಗ್ಗಿದರು. ಎರಡು ಬೆರಳು ಅಲ್ಲೇ ಉಳಿದವು.

ದವಾಖಾನೆಗೆ ಹೋಗಿ ಫೋನು ತೋರಿಸಿದೆ. “ಅಕ್ಕಾ, ಎಲ್ಲಾ ಇದ್ರಾಗ ಅದ. ಶೇಟ್ರ ಮಾತೂ ಅದ.”

ಗುರಮ್ಮಕ್ಕ ಬ್ಯಾಂಡೇಜಿನ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡಿದಳು. “ನಾ ಸಿಕ್ಕೊಂಡಾಗ ನೀ ಫೋಟೋ ಹೊಡ್ಯಾಕತ್ತಿದ್ದೇನೋ?”

“ಇಲ್ಲಕ್ಕಾ, ಹಾಡಿಗಂತ ಸಪ್ಪಳ…”

“ನಿನ್ನ ಹಾಡಿಗಿಷ್ಟು ಬೆಂಕಿ ಹಚ್ಚ್ಲಿ.” ಗಾಯವಿಲ್ಲದ ಕೈಯಿಂದ ಫೋನನ್ನು ನನ್ನ ಕಡೆ ದೂಡಿದಳು. “ಜ್ವಾಕಿ ಇಟ್ಕೋ. ನನ್ನ ಹಂತ್ಯಾಕ ಬ್ಯಾರೆ ಏನೂ ಇಲ್ಲ.”

ಜೋಪಾನ ಮಾಡಿದ ಬಗೆ ಹೇಳುತ್ತೇನೆ. ಫೋನು ತುಂಬಿತ್ತು. ವಿಡಿಯೊ ನನ್ನ ಚಾನೆಲಿಗೆ ಏರಿಸಿದೆ. ಇನ್ನು ಭಯವಿಲ್ಲ, ಆಕಾಶದಲ್ಲಿ ಭದ್ರವಾಗಿದೆ ಎಂದುಕೊಂಡು ಫೋನಿನಲ್ಲಿದ್ದದ್ದನ್ನು ಅಳಿಸಿದೆ. ಇನ್ನೂರ ಹನ್ನೆರಡು ಸದ್ದುಗಳನ್ನು ಮಾತ್ರ ಉಳಿಸಿಕೊಂಡೆ. ಅದರಲ್ಲಿ ಏಳು ಕುಕ್ಕರಿನ ಸೀಟಿಗಳು.

ಗುರಮ್ಮಕ್ಕ ದೂರು ಕೊಟ್ಟ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಸಾಹೇಬರು ವಿಡಿಯೊ ಹಚ್ಚಿದರು. ಗುರಮ್ಮಕ್ಕ ಬಾಗುತ್ತಾಳೆ, ಬಾಯಿ ತೆರೆಯುತ್ತಾಳೆ. ಸದ್ದಿಲ್ಲ. ಶೇಟ್ರು ಕೈ ಬೀಸುತ್ತಾರೆ. ಸದ್ದಿಲ್ಲ.

“ಆವಾಜ್ ಕುಠೆ ಆಹೇ?” ಸಾಹೇಬರು ಸದ್ದೆಲ್ಲಿ ಎಂದು ಮರಾಠಿಯಲ್ಲಿ ಕೇಳಿ ಫೋನನ್ನು ಕಿವಿಗೆ ಹಿಡಿದರು. “ಇವರು ಕೈ ಮಾಡಿದ್ದು ಬಂದ್ ಮಾಡ್ರಿ ಅಂತನೋ, ಮಾಡಬ್ಯಾಡ್ರಿ ಅಂತನೋ? ಹ್ಯಾಂಗ ತಿಳೀಬೇಕು?”

ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಈ ವಿಡಿಯೊದಲ್ಲಿ ಡಿಜೆ ಯೋಗಿ ಅವರ ಸಂಗೀತ ಬಳಕೆಯಾಗಿದೆ, ಧ್ವನಿಯನ್ನು ತೆಗೆಯಲಾಗಿದೆ.

ಎಲ್ಲೋ ಕೂತ ಕಂಪ್ಯೂಟರು ಹದಿನಾಲ್ಕನೇ ಮಗ್ಗದ ಗುರುತು ಹಿಡಿದಿತ್ತು. ನನ್ನ ಸಂಗೀತವನ್ನು ಅಷ್ಟು ಲಕ್ಷ್ಯಗೊಟ್ಟು ಕೇಳಿದ ಮೊದಲ ಪ್ರಾಣಿ ಅದು. ಒಪ್ಪದಿದ್ದರೆ ತಕರಾರು ಹಾಕಬಹುದು ಎಂದೂ ಬರೆದಿತ್ತು. ಹಾಕಿದೆ. ನಿಮ್ಮ ತಕರಾರನ್ನು ಹಕ್ಕುದಾರರು ಪರಿಶೀಲಿಸುತ್ತಾರೆ, ಮೂವತ್ತು ದಿನ ಕಾಯಿರಿ ಎಂದು ಉತ್ತರ ಬಂತು. ಹಕ್ಕುದಾರ ಎಂದರೆ ಯೋಗಿರಾಜ.

ಫೋನು ಮಾಡಿದೆ. ಬೇಡಿಕೊಂಡೆ. ಈ ಸಲ ಅವನು ಬಯ್ಯಲಿಲ್ಲ, ನಕ್ಕ.

“ಅದೆಲ್ಲಾ ಮುಂಬೈ ಮಂದಿ ನೋಡ್ತಾರಲೇ. ಗುರಮ್ಮ ಬೊಬ್ಬಿ ಹೊಡ್ದದ್ದೂ ಬೀಟ್‌ದಾಗ ಕೂತದೇನು? ನನಗ ಕಳಸು. ರೀಮಿಕ್ಸ್ ಮಾಡೂಣು.”

ನಾನು ಫೋನು ಇಟ್ಟೆ. ಆಮೇಲೆ ಮೋರಿಯ ಹತ್ತಿರ ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ. ಆ ಮಾತು ಕೇಳಿದ ಒಂದು ಕ್ಷಣ, ಬೊಬ್ಬೆ ಬೀಟಿನಲ್ಲಿ ಕೂತಿತ್ತೋ ಇಲ್ಲವೋ ಎಂದು ನಾನೂ ಮನಸ್ಸಿನಲ್ಲೇ ಎಣಿಸಿ ನೋಡಿದ್ದೆ. ಕೂತಿತ್ತು.

ಹನ್ನೆರಡು ದಿನ ಬಿಟ್ಟು ಸಾಹೇಬರು ಜಾಗ ನೋಡಿ ವಿಚಾರಣೆ ಮಾಡಲು ಶೆಡ್ಡಿಗೆ ಬಂದರು. ಬಂದದ್ದು ಶೇಟ್ರ ಕಾರಿನಲ್ಲಿ. ಬೆಲ್ಟುಗಳಿಗೆಲ್ಲ ಹೊಸ ಜಾಳಿ ಕೂತಿತ್ತು. ಮೂವತ್ತೆರಡು ಮಗ್ಗ ಒಂದೂ ನಿಲ್ಲದೆ ಓಡುತ್ತಿದ್ದವು. ಗುರಮ್ಮಕ್ಕನನ್ನು ಕರೆಸಿ ನಡುವೆ ನಿಲ್ಲಿಸಿದರು.

ಮಗ್ಗದವರು ನಾವು ಕಿವಿಯಿಂದ ಕೇಳುವುದು ಕಡಿಮೆ, ತುಟಿ ನೋಡಿ ತಿಳಿಯುತ್ತೇವೆ. ಸಾಹೇಬರು ಹೇಗಾಯಿತಮ್ಮ ಎಂದು ಕೇಳಿದರು, “ಕಸಂ ಝಾಲಂ ಬಾಯಿ?” ಗುರಮ್ಮಕ್ಕ ಹೇಳತೊಡಗಿದಳು. ಜಾಳಿ ತೆಗೆದದ್ದು, ಸೆರಗು, ಬಂದ್ ಮಾಡಬೇಡಿ ಎಂದದ್ದು, ಒಂದೂ ಬಿಡದೆ ಹೇಳಿದಳು. ಆ ಸಪ್ಪಳದಲ್ಲಿ ಸಾಹೇಬರಿಗೆ ಒಂದಕ್ಷರವೂ ಮುಟ್ಟಲಿಲ್ಲ. ಅವರು ಶೇಟ್ರ ಕಡೆ ತಿರುಗಿದರು. ಶೇಟ್ರು ಅವರ ಕಿವಿಗೆ ಬಾಯಿ ಹಚ್ಚಿದರು. ಅವರ ತುಟಿಯೂ ನನಗೆ ಕಂಡಿತು. “ತಿಚೀಚ ಚೂಕ, ಸಾಹೇಬ. ತನ್ನ ತಪ್ಪಽ ಅಂತ ಹೇಳಾಕತ್ಯಾಳ.”

ಸಾಹೇಬರು ಬರೆದುಕೊಂಡರು. ಗುರಮ್ಮಕ್ಕ ಬ್ಯಾಂಡೇಜಿನ ಕೈ ಎತ್ತಿ ಅವರ ಮುಖದ ಮುಂದೆ ಹಿಡಿದಳು. ಅವರು ತಲೆ ಅಲ್ಲಾಡಿಸಿ ಹಾಳೆ ಮಗುಚಿದರು.

ನಾನು ಮುಖ್ಯ ಸ್ವಿಚ್ಚಿನ ಕಡೆ ನಡೆದೆ. ಧೈರ್ಯದಿಂದ ಎಂದರೆ ಸುಳ್ಳಾಗುತ್ತದೆ. ನಂದಾ ಬಯ್ಯುವ ಬೈಗುಳ ಆಗಲೇ ಕೇಳುತ್ತಿತ್ತು. ನಮ್ಮ ಸಂಗೀತದಲ್ಲಿ ಬೀಟೆಲ್ಲ ಒಮ್ಮೆಲೇ ನಿಲ್ಲಿಸಿ ಕುಣಿಯುವವರನ್ನು ಕಾಯಿಸುವ ಒಂದು ವರಸೆ ಇದೆ. ಆ ಹೊತ್ತಿನಲ್ಲೂ ನನಗೆ ಅದೇ ನೆನಪಾಯಿತು. ಅದಕ್ಕಾಗಿ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕಿತ್ತು, ಆದರೆ ಕೈ ಹಿಡಿಕೆಯ ಮೇಲಿತ್ತು. ಕೆಳಗೆ ಎಳೆದೆ.

ಮಗ್ಗಗಳು ಒಮ್ಮೆಲೇ ನಿಲ್ಲುವುದಿಲ್ಲ. ಲಾಳಿಗಳು ಸೋತು ಸೋತು, ಒಂದೊಂದಾಗಿ ನಿಂತವು. ಕಡೆಯ ಲಾಳಿ ನಿಂತಾಗ ಗುರಮ್ಮಕ್ಕ ಇನ್ನೂ ಹೇಳುತ್ತಲೇ ಇದ್ದಳು, ಇಪ್ಪತ್ತು ವರ್ಷ ಮಗ್ಗದ ನಡುವೆ ಮಾತಾಡಿದವಳ ದನಿಯಲ್ಲಿ.

“…ಬಂದ್ ಮಾಡಬ್ಯಾಡ್ರಿ ಅಂದವ ಈ ಬಾಡ್ಯಾನಽ! ಜಾಳಿ ತಗಸಿದವನೂ ಇವನಽ! ನಾ ಸಾಯ್ಲಿ, ಬಟ್ಟಿ ಉಳೀಲಿ ಅಂದ!”

ದನಿ ತಗಡಿನ ಮಾಡಿಗೆ ಬಡಿದು ಬೀದಿಗೆ ಹೋಯಿತು. ಅವಳೇ ಬೆಚ್ಚಿ ಬಾಯಿ ಮುಚ್ಚಿದಳು. ಪಕ್ಕದ ಶೆಡ್ಡಿನ ಹೆಂಗಸರು ಬಾಗಿಲಲ್ಲಿ ಬಂದು ನಿಂತರು, ಅವರ ಹಿಂದೆ ಚಹಾದಂಗಡಿಯವನು, ಆಟೋದವರು. ಸಾಹೇಬರ ಪೆನ್ನು ಹಾಳೆಯ ಮೇಲೆ ನಿಂತುಹೋಗಿತ್ತು.

“ಸ್ವಿಚ್ ಹಾಕಲೇ ಸೂಳಿಮಗನ!” ಯೋಗಿರಾಜ ಓಡಿ ಬಂದು ನನ್ನ ಕಾಲರ್ ಹಿಡಿದ. ನಾನು ಸ್ವಿಚ್ಚಿನ ಪೆಟ್ಟಿಗೆಗೆ ಬೆನ್ನು ಹಚ್ಚಿದೆ. ಮೊದಲ ಏಟು ಎಡಗಿವಿಗೆ ಬಿತ್ತು.

“ಬಾಯಿ,” ಸಾಹೇಬರು ಒಮ್ಮೆ ಬಾಗಿಲಲ್ಲಿದ್ದ ಮಂದಿಯನ್ನು, ಒಮ್ಮೆ ಶೇಟ್ರನ್ನು ನೋಡಿದರು. “ಈಗ ನಾ ಏನಂತ ಬರೀಲಿ?”

“ಮೊದಲ ಬರದದ್ದು ಹರೀರಿ,” ಗುರಮ್ಮಕ್ಕ ಅಂದಳು. ದನಿ ತಗ್ಗಿಸಲಿಲ್ಲ. “ಹರೀರಿ, ಆಮ್ಯಾಗ ಹೇಳ್ತೀನಿ.”

ಎರಡನೇ ಏಟು ಬಿತ್ತು. ನಾನು ಜಾಗ ಬಿಡಲಿಲ್ಲ. ಸಾಹೇಬರು ಹಾಳೆಯನ್ನು ಹರಿಯದೆ, ಬರೆಯದೆ, ಕೈಯಲ್ಲಿ ಹಿಡಿದು ನಿಂತೇ ಇದ್ದರು. ಗುರಮ್ಮಕ್ಕ ನೆಲದ ಮೇಲೆ ಕೂತಳು, ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಹಾಳೆಯನ್ನೇ ನೋಡುತ್ತ.