ಮನೆಯ ದನಿ

ಹೊಳೆಯ ಮೇಲೆ ಬದುಕುವವರ ಕಥೆಯನ್ನು ಈಜು ಬಾರದವರು ಹೇಳಬಾರದು. ಆದರೂ ಹೇಳುತ್ತಿದ್ದೇನೆ, ತಪ್ಪಿದ್ದರೆ ಬಲ್ಲವರು ಮನ್ನಿಸಬೇಕು. ಇದು ಎಪ್ಪತ್ತೊಂಬತ್ತರ ಮಾತು.

ಹೊಳಿಯಮ್ಮ ಗಿಣಿಗೇರಾದಿಂದ ಮೊದಲ ಬಸ್ಸಿಗೆ ಬಂದು ಮುನಿರಾಬಾದಿನ ಹೊಳೆದಂಡೆಗೆ ಇಳಿದಾಗ ಮಂಜಿನಲ್ಲಿ ಸೇತುವೆಯೇ ಕಾಣುತ್ತಿರಲಿಲ್ಲ. ಗೌರಿ ಹುಣ್ಣಿಮೆ ಕಳೆದು ಚಳಿ ಬಿದ್ದಿತ್ತು. ಆ ದಿನಗಳಲ್ಲಿ ಹೊಳೆ ತೆಳ್ಳಗಾಗಿ ತಿಳಿಯಾಗುತ್ತದೆ. ಮೀನಿಗೆ ಬಲೆ ಕಾಣಿಸಿಬಿಡುತ್ತದೆ. ಊರಿನ ಗಟಾರ ಬಂದು ಬೀಳುವಲ್ಲಿ ಮಾತ್ರ ನೀರು ಕದಡಿ, ಸ್ವಲ್ಪ ಬೆಚ್ಚಗಿರುತ್ತದೆ. ಬಾಳೆಮೀನು ಅಲ್ಲಿಗೆ, ಸೇತುವೆಯ ಕಂಬಗಳ ಬುಡಕ್ಕೆ ಬಂದು ಸೇರುತ್ತದೆ. ಬಿಸಿಲು ಬಿದ್ದರೆ ಅದೂ ಆಳಕ್ಕೆ ಹೋಗುತ್ತದೆ. ಹಾಗಾಗಿ ಮಂಜಿರುವಾಗಲೇ ಹರಗೋಲು ಹಾಕಬೇಕು.

ಮಂಜಿನಲ್ಲಿ ಹೋದವರು ದಡದ ಕೂಗು ಹಿಡಿದು ಮರಳುತ್ತಿದ್ದರು. ಆ ದಂಡೆಯ ನಾಲ್ಕಾರು ಮನೆಗಳಲ್ಲಿ ಒಂದು ಕಟ್ಟಳೆ ಇತ್ತು: ತನ್ನ ಮನೆಯ ದನಿಗೆ ಮಾತ್ರ ಹುಟ್ಟು ಹಾಕಬೇಕು. ಹೊಳೆಯೂ ಕರೆಯುತ್ತದೆ, ಕಂಡವರ ದನಿ ಎತ್ತಿಕೊಂಡು, ಹೆಸರು ಹಿಡಿದು ಕರೆದು ಒಯ್ಯುತ್ತದೆ. ಆದ್ದರಿಂದ ದಡದವರು ಹೆಸರು ಹೇಳದೆ ಬರೀ ‘ಓಯ್’ ಎನ್ನುತ್ತಿದ್ದರು. ತನ್ನ ಹೆಂಡತಿಯ ಓಯ್ ಅನ್ನು ಕನಕಗಿರಿ ಸಂತೆಯಲ್ಲಿ ನಿಂತೂ ಗುರುತಿಸುತ್ತೇನೆಂದು ಹೊಳಿಯಮ್ಮನ ಗಂಡ ವೆಂಕೋಬ ಹೇಳಿಕೊಳ್ಳುತ್ತಿದ್ದ.

ಮೀನು ಕೊಳ್ಳುವ ಜೈನಾಬೀ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಳು. “ಬಂದೇನು ತಂಗಿ? ಮಣ್ಣ ಮುಗೀತನ?”

ಹೊಳಿಯಮ್ಮ ಬಾಯಿ ತೆರೆದಳು. ಬರೀ ಗಾಳಿ ಬಂತು. ಚಿಕ್ಕಮ್ಮನ ಹೆಣದ ಮುಂದೆ ಹಾಡಿಕೊಂಡು ಅತ್ತು ಅತ್ತು ಗಂಟಲು ಕಟ್ಟಿಹೋಗಿತ್ತು.

“ವೆಂಕೋಬಗ ಇವತ್ತ ಹಬ್ಬ ಬಿಡು,” ಎಂದಳು ಜೈನಾಬೀ. “ಬೈಗಳ ತಪ್ಪಿತು.” ಹೊಳಿಯಮ್ಮನಿಗೂ ನಗು ಬಂತು.

ಅಷ್ಟರಲ್ಲಿ ಮೇಲಿನ ಡ್ಯಾಮಿನ ಸೈರನ್ ಕೂಗಿತು. ನೀರು ಬಿಡುವ ಮುಂಚೆ ಯಾವಾಗಲೂ ಕೂಗುವುದೇ. ನೀರಿನಲ್ಲಿದ್ದವರಿಗೆ ಮೇಲೆ ಬರಲು ಹೊತ್ತಿರುತ್ತಿತ್ತು. ಪಕ್ಕದ ಮನೆಯ ಮುದಕಮ್ಮ ಓಯ್ ಎಂದಳು. ಅವಳ ಮಗ ವಿರುಪಣ್ಣನ ಹರಗೋಲು ಮಂಜಿನೊಳಗಿಂದ ಹೊರಬಂತು. ವೆಂಕೋಬ ಕಂಬದ ಹತ್ತಿರವೇ ಇದ್ದಾನೆ, ಜೊತೆಗೆ ಬಾ ಎಂದರೂ ಕೇಳಲಿಲ್ಲ ಎಂದು ಅವನು ಹೇಳಿದ. ತನ್ನ ಹೆಂಡತಿ ಬೆಳಗಿನ ಬಸ್ಸಿಗೆ ಬರುತ್ತಾಳೆ, ಅವಳ ದನಿ ಬರಲಿ ಎಂದನಂತೆ.

ಹೊಳಿಯಮ್ಮ ಜೈನಾಬೀಯ ತೋಳು ಹಿಡಿದು ಅಲ್ಲಾಡಿಸಿದಳು. ಜೈನಾಬೀ ಎದ್ದು ಮಾರ್ಕೆಟ್ಟಿನ ದನಿಯಲ್ಲಿ ಕೂಗಿದಳು.

“ಯಾರದು?” ಮಂಜಿನಿಂದ ಬಂತು.

“ನಾ ಜೈನಾಬೀ ಅದೀನಿ. ಈ ಕಡಿ ಬಾರೋ.”

“ನಮ್ಮಕಿ ಬಂದಿಲ್ಲನ?”

“ಇಲ್ಲೇ ನಿಂತಾಳ. ಗಂಟ್ಲ ಕಟ್ಟೈತಿ ಆಕಿಗಿ.”

ನೀರಿನಲ್ಲಿ ಹುಟ್ಟು ಆಡುವ ಸಪ್ಪಳ ಬಂತು. ಆಮೇಲೆ ಅವನು ನಕ್ಕದ್ದು ಕೇಳಿಸಿತು. “ಆಕಿ ಗಂಟ್ಲ ಕಟ್ಟಿದ್ದ ನಾ ಒಂದಿನಾನೂ ಕಂಡಿಲ್ಲ. ನೀ ಯಾರ ಅದೀ ಖರೇ ಹೇಳು.”

ಆ ನಗುವಿನಲ್ಲಿ ಅಂಜಿಕೆಯಿತ್ತು. ವಿರುಪಣ್ಣ ಕೂಗಿದ, ಮುದಕಮ್ಮ ಕೂಗಿದಳು, ಜೈನಾಬೀ ಬುಟ್ಟಿಯ ತಕ್ಕಡಿ ತೆಗೆದು ಕಲ್ಲಿಗೆ ಬಡಿದಳು. ಸೇತುವೆಯ ಕಂಬಗಳು ಆ ಸಪ್ಪಳವನ್ನೆಲ್ಲ ಎತ್ತಿ ಎಲ್ಲ ಕಡೆಯಿಂದಲೂ ಮರಳಿಸಿದವು. ಹೊಳಿಯಮ್ಮ ಕೂಗಲು ನೋಡಿದಳು. ಓಯ್ ಎನ್ನುವುದು ಗಂಟಲಲ್ಲೇ ಸೀಳಿಹೋಯಿತು. ದಡದ ಕಲ್ಲುಗಳಿಗೆ ತಾಗುತ್ತಿದ್ದ ನೀರು ಆಗಲೇ ಕೆಂಪಾಗಿ ಮೇಲೇರುತ್ತಿತ್ತು.

ವಿರುಪಣ್ಣ ಹರಗೋಲನ್ನು ಮತ್ತೆ ನೀರಿಗೆ ತಳ್ಳಲು ಹೋದ. ಮುದಕಮ್ಮ ಅದರ ಅಂಚು ಹಿಡಿದು ನೆಲಕ್ಕೆ ಕೂತುಬಿಟ್ಟಳು.

ಹೊಳಿಯಮ್ಮ ಸೊಂಟದವರೆಗೆ ನೀರಿಗಿಳಿದಳು. ಮದುವೆಯಾದಾಗಿನಿಂದ ಬಾಯಿಗೆ ತಂದಿರದ ಹೆಸರನ್ನು, ನೀರಿನ ಮೇಲೆ ಯಾರೂ ಹೇಳದ ಹೆಸರನ್ನು ಹೇಳಿದಳು.

“ವೆಂಕೋಬಾ.”

ಒಣಗಿದ ಜೋಳದ ದಂಟು ಮುರಿದಂತಿತ್ತು ಆ ದನಿ. ಮಂಜಿನೊಳಗೆ ಹುಟ್ಟಿನ ಸಪ್ಪಳ ನಿಂತಿತು. ಆಮೇಲೆ ಡ್ಯಾಮಿನ ನೀರು ಬಂತು. ಜೈನಾಬೀ ಅವಳನ್ನು ಸೀರೆ ಹಿಡಿದು ದಡಕ್ಕೆಳೆದಳು.

ಹರಗೋಲು ಕೆಳಗಡೆ ಬಂಡೆಗಳ ಸಂದಿಯಲ್ಲಿ ಸಿಕ್ಕಿತು, ಮಗುಚಿರಲಿಲ್ಲ. ಹುಟ್ಟನ್ನು ಯಾರೋ ಎತ್ತಿಟ್ಟ ಹಾಗೆ ಒಳಗೆ ಅಡ್ಡ ಇತ್ತು. ವೆಂಕೋಬ ಸಿಗಲಿಲ್ಲ.

ಕೆಲವು ದಿನಕ್ಕೆ ಹೊಳಿಯಮ್ಮನ ಗಂಟಲು ಬಿಟ್ಟಿತು. ಆಮೇಲೆ ಜೈನಾಬೀಯ ಪಕ್ಕದಲ್ಲಿ ಕೂತು ಅವಳೂ ಮೀನು ಮಾರತೊಡಗಿದಳು. ಸುತ್ತ ಎಲ್ಲರೂ ರೇಟು ಕೂಗುತ್ತಿದ್ದರೆ ಅವಳು ಬೆರಳಲ್ಲಿ ತೋರಿಸುತ್ತಿದ್ದಳು.

ಆ ಬೆಳಿಗ್ಗೆ ಹುಟ್ಟು ನಿಂತದ್ದು ಅವನಿಗೆ ದನಿಯ ಗುರುತು ಸಿಕ್ಕಿತೆಂದೋ, ಸಿಗಲಿಲ್ಲವೆಂದೋ, ನನಗೆ ಗೊತ್ತಿಲ್ಲ.