ಸೊಸೆಯ ಸೊಂಟದ ಪಿಸ್ತೂಲು

ಬೀದಿಯವರೆಲ್ಲ ಕ್ಯಾಪ್ಟನ್ ಎಂದು ಕರೆಯುತ್ತಿದ್ದ ಆ ಮುದುಕರು ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದವರೇನಲ್ಲ. ಆಯುಧಗಳ ಉಗ್ರಾಣದಲ್ಲಿ ಬಂದೂಕು, ಪಿಸ್ತೂಲುಗಳನ್ನು ಬಿಚ್ಚಿ, ಒರೆಸಿ, ಎಣ್ಣೆ ಹಚ್ಚಿ, ರಿಪೇರಿ ಮಾಡುವುದರಲ್ಲೇ ಆಯುಷ್ಯ ಸವೆಸಿ ನಿವೃತ್ತರಾದವರು. ಆದರೆ ನೆಟ್ಟಗಿನ ಬೆನ್ನು, ಮೇಲಕ್ಕೆ ತಿರುವಿದ ಮೀಸೆ, ಹಾಲಿನವನನ್ನೂ ಸೆಟೆದು ನಿಲ್ಲುವಂತೆ ಮಾಡುವ ದನಿ. ಇಷ್ಟೆಲ್ಲ ಇದ್ದ ಮೇಲೆ ಜನ ತಾವಾಗಿ ಕೊಟ್ಟ ಬಡ್ತಿಯನ್ನು ಬೇಡ ಎನ್ನುವುದೇಕೆ ಎಂದು ಅವರೂ ಸುಮ್ಮನಿದ್ದುಬಿಟ್ಟಿದ್ದರು.

ಅವರಿಗೂ ಸೊಸೆಗೂ ಅಷ್ಟಕ್ಕಷ್ಟೆ. ಜಗಳ ಅಂತೇನೂ ಇಲ್ಲ. ಸೊಸೆ ವಕೀಲೆ. ಮದುವೆಯಾಗಿ ಬಂದ ಹೊಸತರಲ್ಲಿ ಮಾವನ ಪಿಸ್ತೂಲು ಬೀರುವಿನ ಮೇಲೆ, ಮಡಿಸಿಟ್ಟ ಕಂಬಳಿಯ ಕೆಳಗೆ ಇರುವುದನ್ನು ಕಂಡಳು. ಅದು ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು, ಬೀಗದ ಕೈ ಅತ್ತೆಯ ಹತ್ತಿರ ಇರಬೇಕು ಎಂದು ನೇರವಾಗಿ ಹೇಳಿದಳು. ಹೇಳಿದ್ದು ಸರಿಯಾಗಿಯೇ ಇತ್ತು. ಅದೇ ಮುದುಕರಿಗೆ ಹೆಚ್ಚು ನೋವಾದದ್ದು. ಪೆಟ್ಟಿಗೆ ಬಂತು, ಬೀಗ ಬಿತ್ತು. ಅಲ್ಲಿಂದ ಮಾವ ಸೊಸೆಯರ ಮಾತು ಊಟ ಆಯ್ತಾ, ಪೇಪರ್ ಬಂತಾ ಎನ್ನುವಲ್ಲಿಗೆ ಬಂದು ನಿಂತಿತು.

ಹಾಗಿರುವಾಗ ಒಂದು ಸಂಜೆ ಅದೇ ಸೊಸೆ ಕೋರ್ಟಿನಿಂದ ಬಂದವಳು, ಕರಿ ಕೋಟನ್ನೂ ಬಿಚ್ಚದೆ ಅವರ ಕುರ್ಚಿಯ ಮುಂದೆ ನಿಂತಳು.

"ಮಾವ, ಆ ಪೆಟ್ಟಿಗೆ ತೆಗೀರಿ. ನಂಗೆ ಅದನ್ನ ಹಿಡಿಯೋದು ಹೇಳಿಕೊಡಿ."

ಮುದುಕರು ಪೇಪರನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡರು. ಕಾರಣ ಕೇಳಬೇಕಾಗಿರಲಿಲ್ಲ. ಊರಿನ ದೊಡ್ಡ ಹೊಲಿಗೆ ಕಾರ್ಖಾನೆಗೆ ಬೆಂಕಿ ಬಿದ್ದಾಗ ಹಿಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಒಳಗಿದ್ದ ಹೆಣ್ಣುಮಕ್ಕಳಲ್ಲಿ ಕೆಲವರು ಹೊರಗೆ ಬರಲೇ ಇಲ್ಲ. ಬೀಗ ಹಾಕಿಸಿದ್ದು ಮಾಲೀಕನೇ ಎಂದು ಕಣ್ಣಾರೆ ಕಂಡು ಹೇಳುವವಳು ಒಬ್ಬಳೇ ಉಳಿದಿದ್ದಳು. ಕೈಗಳೆರಡೂ ಸುಟ್ಟ ಒಬ್ಬ ಹೊಲಿಗೆ ಹುಡುಗಿ. ಸತ್ತವರ ಮನೆಯವರ ಪರವಾಗಿ ಕೇಸು ಹಿಡಿದಿದ್ದವಳು ಈ ಸೊಸೆ. ಆ ದಿನ ಕೋರ್ಟಿನ ಹೊರಗೆ ನಿಲ್ಲಿಸಿದ್ದ ಅವಳ ಕಾರಿನ ಗಾಜು ಒಡೆದು, ಸೀಟಿನ ಮೇಲೆ ಅರ್ಧ ಸುಟ್ಟ ಒಂದು ಬಟ್ಟೆಯ ತುಂಡನ್ನು ಚೊಕ್ಕಟವಾಗಿ ಮಡಿಸಿಟ್ಟು ಹೋಗಿದ್ದರು. ರಕ್ಷಣೆಗೆಂದು ಕೊಟ್ಟಿದ್ದ ಪೊಲೀಸಿನವನು ಮೊದಲು ದಿನವೂ ಬರುತ್ತಿದ್ದ, ಆಮೇಲೆ ಮನಸ್ಸು ಬಂದಾಗ ಬರುತ್ತಿದ್ದ, ಈಗ ಬರುವುದನ್ನೇ ಬಿಟ್ಟಿದ್ದ.

ರಾತ್ರಿ ಊಟಕ್ಕೆ ಕೂತಾಗ ಮಗ ಕೇಸು ಬಿಡು ಎಂದ. ಶಾಲಾ ಮೇಷ್ಟ್ರು, ಮೃದು ಮನುಷ್ಯ. ಹೆಂಡತಿಯ ಮೇಲಿನ ಪ್ರೀತಿಗೇ ಹೇಳಿದ್ದು. ಬೇರೆ ವಕೀಲರಿಲ್ಲವೇ ಎಂದ. ಬೇರೆ ವಕೀಲರೆಲ್ಲ ಇದೇ ಮಾತನ್ನು ಅವರವರ ಮನೆಯಲ್ಲಿ ಕೇಳಿಸಿಕೊಂಡು ಆಗಿದೆ ಎಂದಳು ಸೊಸೆ. ಅತ್ತೆ ಊಟ ಮುಗಿದ ಮೇಲೆ ಸೆರಗಿನ ತುದಿಯ ಗಂಟು ಬಿಚ್ಚಿ ಬೀಗದ ಕೈಯನ್ನು ಗಂಡನ ಮುಂದಿಟ್ಟು ಪಾತ್ರೆ ತೊಳೆಯಲು ಎದ್ದುಹೋದರು.

ಲೈಸೆನ್ಸಿನ ಓಡಾಟವನ್ನು ಸೊಸೆ ತಾನೇ ಮಾಡಿಕೊಂಡಳು. ಕಾಗದಪತ್ರ ಸರಿಯಾಗುವವರೆಗೆ ಮುದುಕರು ಗುಂಡಿಲ್ಲದ ಪಿಸ್ತೂಲನ್ನು ಊಟದ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ ಅದರ ಮೇಲೆ ಮಲಗಿಸಿ ಪಾಠ ಶುರು ಮಾಡಿದರು. ವರ್ಷಗಟ್ಟಲೆ ಕತ್ತಲಲ್ಲಿದ್ದರೂ ಅದರ ಮೈ ಕೆಟ್ಟಿರಲಿಲ್ಲ. ಪೂರಾ ಉಕ್ಕಿನದು. ಒಂದು ಕಾಲಕ್ಕೆ ಮೈತುಂಬ ಇದ್ದ ಕಡುನೀಲಿ ಬಣ್ಣ ಅಂಚುಗಳಲ್ಲಿ, ಮೂತಿಯ ತುದಿಯಲ್ಲಿ, ಚರ್ಮದ ಚೀಲ ಉಜ್ಜಿದ ಕಡೆಯಲ್ಲೆಲ್ಲ ಮಾಸಿ ಬೆಳ್ಳಗೆ ಮಿನುಗುತ್ತಿತ್ತು. ಹಿಡಿಯ ಎರಡೂ ಬದಿಗೆ ಕಂದು ಮರದ ಹಲಗೆ. ಅದರ ಮೇಲೆ ಕೊರೆದ ಸಣ್ಣ ಸಣ್ಣ ಚೌಕಗಳು ಅಂಗೈ ತಾಗುವ ಕಡೆ ಸವೆದು ನುಣುಪಾಗಿದ್ದವು.

"ನೋಡಮ್ಮ, ಇದಕ್ಕೆ ರಿವಾಲ್ವರ್ ಥರ ಹೊಟ್ಟೆ ಇಲ್ಲ" ಎಂದರು. "ಗುಂಡೆಲ್ಲ ಹಿಡಿಯೊಳಗೇ ಒಂದರ ಮೇಲೊಂದು ಕೂತಿರುತ್ತೆ. ಅದಕ್ಕೇ ಇಷ್ಟು ಚಪ್ಪಟೆ. ಕೋಟಿನೊಳಗೆ ಇದ್ದದ್ದೇ ಗೊತ್ತಾಗಲ್ಲ."

ಸೊಸೆ ಕೈಗೆತ್ತಿಕೊಂಡಳು. ಭಾರ ಎಂದಳು. ಭಾರವೇ, ಆದರೆ ಆ ಭಾರ ಎಲ್ಲಿ ಕೂತಿದೆ ನೋಡು ಎಂದರು ಮುದುಕರು. ಅವಳು ಗೋಡೆಯ ಕ್ಯಾಲೆಂಡರಿನ ಕಡೆ ತೋಳು ಚಾಚಿದಳು. ಮೂತಿ ಮುಂದಕ್ಕೆ ಜಗ್ಗಲಿಲ್ಲ. ತೂಕವೆಲ್ಲ ಅಂಗೈಯೊಳಗೆ ನಿಂತಿತು. ಬೆರಳು ಮಾಡಿ ತೋರಿಸಿದಷ್ಟೇ ಸಲೀಸಾಗಿ ಅದು ನೋಡಿದ ಕಡೆಗೆ ತಿರುಗುತ್ತಿತ್ತು. ಅವಳ ಮುಖದಲ್ಲಿ ಒಂದು ಅಚ್ಚರಿ ಹಾದುಹೋದದ್ದನ್ನು ಮುದುಕರು ಕಂಡರು, ಕಂಡೂ ಕಾಣದವರಂತೆ ಮೀಸೆ ನೀವಿಕೊಂಡರು.

ಗುಂಡು ಏರಿಸಲು ಮೇಲಿನ ಜಾರು ಕವಚವನ್ನು, ಆ ಸ್ಲೈಡನ್ನು, ಹಿಂದಕ್ಕೆ ಎಳೆಯುವುದು ಅವಳಿಗೆ ಮೊದಲು ಬಗ್ಗಲಿಲ್ಲ. ಎರಡು ಬೆರಳಲ್ಲಿ ಚಿವುಟಿ ಎಳೆದರೆ ಬರುವುದಿಲ್ಲ, ಮೇಲಿನಿಂದ ಇಡೀ ಅಂಗೈಯಿಂದ ಹಿಡಿ, ಒಂದು ಕೈ ಹಿಂದಕ್ಕೆ ಇನ್ನೊಂದು ಮುಂದಕ್ಕೆ ಎಂದು ಹೇಳಿಕೊಟ್ಟರು. ಮಾಡಿ ತೋರಿಸಲು ಹೋದಾಗ ಅವರ ಬಲಗೈ ನಡುಗಿತು. ಕೆಲವು ಕಾಲದಿಂದ ಹಾಗೇ ಇತ್ತು. ಚಹಾದ ಲೋಟವನ್ನು ಅರ್ಧ ಮಾತ್ರ ತುಂಬಿಸಿ ಕೊಡುವ ವಾಡಿಕೆಯನ್ನು ಹೆಂಡತಿ ಯಾರಿಗೂ ಹೇಳದೆ ಮಾಡಿಕೊಂಡಿದ್ದರು. ಸೊಸೆ ಆ ಕೈಯನ್ನು ನೋಡಿದಳು. ಮುದುಕರು ಅದನ್ನು ಮೇಜಿನ ಕೆಳಗೆ ಇಳಿಸಿದರು.

"ನಿಮ್ಮ ಬಾಯಿ ನಡುಗ್ತಿಲ್ವಲ್ಲ ಮಾವ. ಬಾಯಲ್ಲೇ ಹೇಳಿ, ನಾನು ಮಾಡ್ತೀನಿ."

ಅಂದಿನಿಂದ ಪಾಠ ಬಾಯಲ್ಲೇ ನಡೆಯಿತು. ಹೆಬ್ಬೆರಳಿಗೆ ಸಿಗುವ ಪುಟ್ಟ ತಡೆಗೋಲು, ಹಿಡಿಯ ಬೆನ್ನಿಗಿರುವ ಇನ್ನೊಂದು ತಡೆ, ಅಂಗೈ ಗಟ್ಟಿಯಾಗಿ ಒತ್ತದಿದ್ದರೆ ಗುಂಡೇ ಹಾರದ ಏರ್ಪಾಡು. ಹೆಬ್ಬೆರಳನ್ನು ತೀರ ಮೇಲಿಟ್ಟರೆ ಗುಂಡಿಗೆ ಬಡಿಯುವ ಹಿಂದಿನ ಪುಟ್ಟ ಸುತ್ತಿಗೆ ಚರ್ಮ ಕಚ್ಚುತ್ತದೆ ಎಂದು ಹೇಳಿದ್ದನ್ನು ಅವಳು ಕೇಳಲಿಲ್ಲ. ಕಚ್ಚಿಸಿಕೊಂಡು ಆಮೇಲೆ ಕೇಳಿದಳು. ಬಂದೂಕು ಕ್ಲಬ್ಬಿನ ಮೈದಾನಕ್ಕೆ ಹೋಗಿ ನಿಜವಾದ ಗುಂಡು ಹಾರಿಸಿದ ದಿನ ಮೊದಲನೆಯದು ಮಣ್ಣಿಗೆ ಬಿತ್ತು, ಎರಡನೆಯದು ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು. ಗುರಿ ನೋಡಲು ಮೂತಿಯ ಮೇಲಿರುವ ಉಬ್ಬು ತೀರ ಸಣ್ಣದು, ವಯಸ್ಸಾದವರ ಕಣ್ಣಿಗಂತೂ ಕಾಣಿಸುವುದೇ ಇಲ್ಲ. ಆದರೆ ಸೊಸೆಯ ಕಣ್ಣಿಗೆ ಕಂಡಿತು. ವಾರಗಳು ಕಳೆದಂತೆ ಕಾಗದದ ಗುರಿಯಲ್ಲಿ ತೂತುಗಳು ಒಂದರ ಪಕ್ಕ ಒಂದು ಬಂದು ಕೂರತೊಡಗಿದವು. ಮನೆಯಲ್ಲಿ ಅತ್ತೆ ಮಾತ್ರ ಗೊಣಗಿದರು. ಮದುವೆಯಾದಾಗಿನಿಂದ ಸೈಕಲ್ ಕಲಿಸಿ ಅಂತ ಕೇಳ್ತಾ ಇದ್ದೆ, ನನಗೆ ಸಿಗದ ಮೇಷ್ಟ್ರು ಇವಳಿಗೆ ಸಿಕ್ಕರು ಎಂದು.

ಹಾರಿಸುವುದಕ್ಕಿಂತ ಹೊರುವುದೇ ಕಷ್ಟವಾಯಿತು. ಮುದುಕರ ಹಳೆಯ ಪಿಸ್ತೂಲಿನ ಚೀಲ ಮೇಲ್ಮುಚ್ಚಳಕ್ಕೆ ಗುಂಡಿ ಹಾಕುವ ಸೈನ್ಯದ ನಮೂನೆಯದು. ಕೋಟಿನೊಳಗೆ ಹಾಕಿದರೆ ಬುತ್ತಿ ಕಟ್ಟಿಕೊಂಡಂತೆ ಉಬ್ಬುತ್ತಿತ್ತು. ಚರ್ಮದ ಕೆಲಸದ ಹಳೆಯ ಗೆಳೆಯನ ಹತ್ತಿರ ಹೋಗಿ, ನೆನೆಸಿದ ಚರ್ಮವನ್ನು ಪಿಸ್ತೂಲಿನ ಮೈಗೇ ಒತ್ತಿ ಅಚ್ಚು ತೆಗೆದು, ಬಲಸೊಂಟದ ಹಿಂದೆ ಎತ್ತರಕ್ಕೆ ಅಂಟಿ ಕೂರುವಂಥ ತೆಳು ಚೀಲ ಹೊಲಿಸಿದರು. ದಪ್ಪ ಬೆಲ್ಟು ಕಟ್ಟಿಸಿದರು. ಆದರೂ ಕೂತರೆ ಹಿಂದಿನ ಮೂಲೆ ಪಕ್ಕೆಗೆ ಚುಚ್ಚುತ್ತಿತ್ತು. ಬಗ್ಗಿದರೆ ಕೋಟು ಎತ್ತಿಕೊಳ್ಳುತ್ತಿತ್ತು.

"ಮಗೂನ ಇಡೀ ದಿನ ಒಂದೇ ಸೊಂಟದಲ್ಲಿ ಹೊತ್ತ ಹಾಗಿರುತ್ತೆ ಮಾವ" ಎಂದಳು ಒಂದು ಸಂಜೆ ಬೆಲ್ಟು ಬಿಚ್ಚುತ್ತ.

ಪಿಸ್ತೂಲು ಹೊತ್ತವರು ಅದನ್ನು ಇಳಿಸಿದ ಮೇಲೂ ಒಂದು ಕಡೆ ವಾಲಿ ನಿಲ್ಲುತ್ತಾರೆ ಎಂದು ಮುದುಕರು ವಿವರಿಸಿದರು. ಮೊಣಕೈ ಮೈಗೆ ತಾಗದಂತೆ ತುಸು ದೂರ, ಬಲಗಾಲು ಒಂದಿಷ್ಟು ಹಿಂದೆ. ತಿಳಿದವನು ಬೀದಿಯ ಆ ತುದಿಯಿಂದಲೇ ಗುರುತು ಹಿಡಿಯುತ್ತಾನೆ, ಹಾಗೆ ನಿಲ್ಲಬೇಡ, ಏನೂ ಇಲ್ಲದವಳಂತೆ ನಿಲ್ಲು ಎಂದರು. ಅವಳು ಕನ್ನಡಿಯ ಮುಂದೆ ನಿಂತು ಏನೂ ಇಲ್ಲದವಳಾಗುವುದನ್ನು ಕಲಿತಳು.

ಹುಡುಗಿಯ ಸಾಕ್ಷಿಯ ದಿನ ಗೊತ್ತಾಯಿತು. ಹಿಂದಿನ ದಿನ ಸಂಜೆಯೇ ಸೊಸೆ ಅವಳನ್ನು ಮನೆಗೆ ಕರೆತಂದಳು. ಬೆಳಗ್ಗೆ ತಾನು ಮೊದಲು ಹೋಗಿ ಪೊಲೀಸ್ ಜೀಪು ಕಳಿಸುವುದೆಂದು ಮಾತಾಯಿತು. ಮಗ ಶಾಲೆಗೆ ಹೋದ. ಸೊಸೆ ಬೆಲ್ಟು ಬಿಗಿದು, ಮೇಲೆ ಕರಿ ಕೋಟು ತೊಟ್ಟು ಹೊರಟಳು. ಕೋರ್ಟಿನ ಒಳಗೆ ಆಯುಧ ಬಿಡುವುದಿಲ್ಲ. ಗೇಟಿನಲ್ಲಿ ಕೊಟ್ಟು ಹೋಗಬೇಕು. ಆದರೂ ದಾರಿಗೆ ಬೇಕಲ್ಲ.

ಜೀಪಿನ ಬದಲು ಬಂದದ್ದು ಒಂದು ಬಿಳಿ ಕಾರು. ಕಿಟಕಿಯಿಂದ ನೋಡಿದ ಮುದುಕರಿಗೆ ಇಳಿದವನು ಯಾರೆಂದು ಗೊತ್ತಾಯಿತು. ಮಾಲೀಕನ ಬಲಗೈ. ಇಸ್ತ್ರಿ ಮಾಡಿದ ಅಂಗಿ, ತೆಳು ಚೌಕಟ್ಟಿನ ಕನ್ನಡಕ. ಹಿಂದೆ ಇನ್ನಿಬ್ಬರು. ಹೆಂಡತಿಗೆ ಹುಡುಗಿಯನ್ನು ಒಳಕೋಣೆಗೆ ಕಳಿಸಿ ಪೊಲೀಸಿಗೂ ಸೊಸೆಗೂ ಫೋನ್ ಮಾಡಲು ಹೇಳಿದರು. ತಾವು ಬೀರುವಿನಿಂದ ಹಳೆಯ ಸೈನ್ಯದ ಚೀಲ ತೆಗೆದು ಸೊಂಟಕ್ಕೆ ಕಟ್ಟಿಕೊಂಡರು. ಖಾಲಿ ಚೀಲ ಜೋತು ಬಿತ್ತು. ಅದನ್ನು ನೋಡಿದರೆ ಕುರುಡನೂ ನಗುತ್ತಿದ್ದ. ಅಡುಗೆಮನೆಗೆ ಹೋಗಿ ಶುಂಠಿ ಜಜ್ಜುವ ಕಬ್ಬಿಣದ ಕುಟ್ಟಾಣಿಯ ಗುಂಡನ್ನು ಚೀಲಕ್ಕೆ ತುರುಕಿ, ಮುಚ್ಚಳಕ್ಕೆ ಗುಂಡಿ ಹಾಕಿದರು. ಬೆಲ್ಟು ಬಲಕ್ಕೆ ಜಗ್ಗಿತು. ಆ ಜಗ್ಗು ಅವರ ಮೈಗೆ ಪರಿಚಯದ್ದು. ಮೊಣಕೈ ತಾನಾಗಿ ದೂರ ಸರಿಯಿತು, ಬಲಗಾಲು ಹಿಂದೆ ಹೋಯಿತು. ಬಾಗಿಲು ಪೂರ್ತಿ ತೆರೆದು ಹೊಸ್ತಿಲ ಮೇಲೆ ನಿಂತರು.

ಕನ್ನಡಕದವನು ಕೈಮುಗಿದ. ಹುಡುಗಿಯ ತಾಯಿಗೆ ಹುಷಾರಿಲ್ಲ, ಕರೆದುಕೊಂಡು ಹೋಗೋಣ ಅಂತ ಬಂದೆವು ಎಂದ. ಅವಳ ತಾಯಿ ಸತ್ತು ಯಾವ ಕಾಲವಾಯಿತೋ ಎಂದು ಮುದುಕರು ಹೇಳಿದರು. ಅವನ ನಗು ಮಾಸಲಿಲ್ಲ. ಕಣ್ಣು ಮಾತ್ರ ಮುದುಕರ ಸೊಂಟಕ್ಕೆ ಇಳಿದು, ಅಲ್ಲಿಂದ ಕಾಲಿಗೆ, ಕಾಲಿನಿಂದ ನಡುಗುವ ಕೈಗೆ ಹೋಯಿತು.

"ಯಜಮಾನ್ರೇ, ಕೈ ನೋಡಿ ಹೇಗೆ ಆಡ್ತಿದೆ. ಈ ವಯಸ್ಸಲ್ಲಿ ಯಾಕೆ ಇದೆಲ್ಲ? ಅದನ್ನ ಹೊರಗೆ ತೆಗೆಯೋಕಾದ್ರೂ ಆಗುತ್ತಾ ನಿಮಗೆ?"

"ಆಗುತ್ತೆ. ತೆಗೆದ ಮೇಲೆ ಯಾರಿಗೆ ತಗಲುತ್ತೆ ಅನ್ನೋದು ಮಾತ್ರ ನಂಗೆ ಗೊತ್ತಿಲ್ಲ. ನಿಂಗೆ ಅಂತ ತೆಗೀತೀನಿ, ಹಿಂದೆ ನಿಂತಿರೋ ಇವನಿಗೆ ತಗಲಬಹುದು."

ಹಿಂದೆ ನಿಂತಿದ್ದವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದ.

"ಸೊಸೆ ಮಾತು ಕೇಳ್ಕೊಂಡು ಮನೆ ಹಾಳು ಮಾಡ್ಕೋತೀರಿ."

"ಈ ಮನೇಲಿ ನಾನು ಅವಳ ಮಾತು ಕೇಳಿದ್ದೇ ಕಡಿಮೆ. ಈಗ ಕೇಳ್ತಾ ಇದೀನಿ. ಹುಡುಗಿ ನಮ್ಮನೇಲಿ ಇದಾಳೆ, ಸುಳ್ಳು ಹೇಳಲ್ಲ. ಹೊಸ್ತಿಲು ದಾಟಿ ಕರ್ಕೊಂಡು ಹೋಗು, ನೋಡೋಣ."

ಅಷ್ಟರಲ್ಲಿ ಹೆಂಡತಿ ಹೊರಗೆ ಬಂದು ಅವರ ಎಡಕ್ಕೆ ನಿಂತರು. ಕೈಯಲ್ಲಿ ಏನೂ ಇರಲಿಲ್ಲ. ಎದುರು ಮನೆಯ ದರ್ಜಿ ಮೆಷಿನ್ನು ಬಿಟ್ಟು ಬಾಗಿಲಿಗೆ ಬಂದ. ಪಕ್ಕದ ಮನೆಯ ನರ್ಸು ಮಹಡಿಯಿಂದ ಏನಾಯ್ತು ಕ್ಯಾಪ್ಟನ್ ಎಂದು ಕೂಗಿ ಕೇಳಿದಳು. ಒಂದೊಂದೇ ಬಾಗಿಲು ತೆರೆಯತೊಡಗಿತು. ಕನ್ನಡಕದವನು ಸುತ್ತ ನೋಡಿ, ಇನ್ನೊಮ್ಮೆ ಕೈಮುಗಿದು ಕಾರು ಹತ್ತಿದ. ಆದರೆ ಕಾರು ದೂರ ಹೋಗಲಿಲ್ಲ. ಬೀದಿಯ ತಿರುವಿನಲ್ಲಿ ಹೋಗಿ ನಿಂತಿತು.

ಫೋನ್ ಮಾಡಿದರೂ ಪೊಲೀಸ್ ಜೀಪು ಬರಲೇ ಇಲ್ಲ. ಹೊತ್ತು ಏರುತ್ತಿತ್ತು. ಸೊಸೆ ಫೋನಿನಲ್ಲಿ ಈಗಲೇ ಹೊರಟು ಬರುತ್ತೇನೆ ಎಂದಾಗ, ಅಲ್ಲೇ ಇದ್ದು ಜಡ್ಜನ್ನು ಹಿಡಿದು ನಿಲ್ಲಿಸು, ಉಳಿದದ್ದು ನನಗೆ ಬಿಡು ಎಂದರು ಮುದುಕರು. ಆಗ ಒಳಕೋಣೆಯ ಬಾಗಿಲು ತೆರೆದು ಹುಡುಗಿ ಹೊರಗೆ ಬಂದಳು. ಬ್ಯಾಂಡೇಜಿನ ಕೈಗಳನ್ನು ಎದೆಗೆ ಒತ್ತಿಕೊಂಡಿದ್ದಳು.

"ನಡ್ಕೊಂಡೇ ಹೋಗೋಣ ತಾತ. ಬಾಗಿಲು ಮುಚ್ಕೊಂಡು ಒಳಗೆ ಕೂತಿರೋಕೆ ನನ್ನ ಕೈಲಿ ಆಗಲ್ಲ."

ಮುದುಕರು ಚಪ್ಪಲಿ ಮೆಟ್ಟಿದರು.

ಹಾಗೆ ಅವರು ಹೊರಟರು. ನಡುವೆ ಹುಡುಗಿ, ಒಂದು ಕಡೆ ಮುದುಕರು, ಇನ್ನೊಂದು ಕಡೆ ಹೆಂಡತಿ. ದರ್ಜಿ ಕತ್ತರಿಯನ್ನು ಜೇಬಿಗೆ ಹಾಕಿಕೊಂಡು ಹಿಂದೆ ಬಂದ. ನರ್ಸು ಬಂದಳು. ತರಕಾರಿಯಾಕೆ ಬುಟ್ಟಿ ಬಿಟ್ಟು ಬಂದಳು. ತಿರುವಿನಲ್ಲಿದ್ದ ಬಿಳಿ ಕಾರಿನ ಪಕ್ಕದಲ್ಲೇ ಹಾದುಹೋಗಬೇಕಿತ್ತು. ಹುಡುಗಿ ತಲೆ ತಗ್ಗಿಸಲಿಲ್ಲ, ಕಾರಿನ ಗಾಜನ್ನೇ ನೋಡುತ್ತ ನಡೆದಳು. ಗಾಜು ಇಳಿಯಲಿಲ್ಲ. ಕೋರ್ಟಿನ ಗೇಟಿಗೆ ಬರುವಷ್ಟರಲ್ಲಿ ಹಿಂದೆ ಒಂದು ಸಣ್ಣ ಮೆರವಣಿಗೆಯೇ ಆಗಿತ್ತು.

ಗೇಟಿನ ಕಾವಲಿನವನು ಮುದುಕರ ಸೊಂಟ ನೋಡಿ ಆಯುಧ ಕೊಟ್ಟು ಹೋಗಿ ಎಂದ. ಮುದುಕರು ಗುಂಡಿ ಬಿಚ್ಚಿ ಕುಟ್ಟಾಣಿಯ ಗುಂಡನ್ನು ಅವನ ಕೈಗಿಟ್ಟರು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮೂಸಿಯೂ ನೋಡಿ, ಸೊಸೆಯ ಪಿಸ್ತೂಲಿದ್ದ ಕಬ್ಬಿಣದ ಬೀರುವಿನಲ್ಲೇ ಅದರ ಪಕ್ಕಕ್ಕೆ ಇಟ್ಟ. ಮೆಟ್ಟಿಲ ಮೇಲೆ ಕಾಯುತ್ತಿದ್ದ ಸೊಸೆ ಅದನ್ನು ಕಂಡಳು. ಅವಳು ನಗುತ್ತಾಳೆಂದು ಮುದುಕರು ಎಣಿಸಿದ್ದರು. ಅವಳು ಇಳಿದು ಬಂದು, ನಡುಗುತ್ತಿದ್ದ ಅವರ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಬಿಡದೆ ಹಾಗೇ ಒಳಗೆ ಕರೆದುಕೊಂಡು ಹೋದಳು.

ಹುಡುಗಿ ಸಾಕ್ಷಿ ಹೇಳಿದಳು. ಮಾಲೀಕನ ವಕೀಲ ಎಷ್ಟು ತಿರುಚಿ ಕೇಳಿದರೂ ಅವಳ ಮಾತು ಅಲುಗಲಿಲ್ಲ. ಬೀಗ ಹಾಕಿಸಿದವನನ್ನು ಬೆರಳು ಮಾಡಿ ತೋರಿಸಿ ಎಂದಾಗ, ಬ್ಯಾಂಡೇಜಿನಿಂದ ಬೆರಳು ಹೊರಗೆ ಬಾರದೆ ಇಡೀ ಕೈ ಎತ್ತಿ ತೋರಿಸಿದಳು. ತೀರ್ಪು ಬರಲು ತಿಂಗಳುಗಳೇ ಹಿಡಿದವು. ಮಾಲೀಕನಿಗೆ ಜೈಲಾಯಿತು. ಮೇಲಿನ ಕೋರ್ಟಿಗೆ ಹೋದ, ಮೇಲ್ಮನವಿ ಮುಗಿಯುವವರೆಗೆ ಜಾಮೀನು ಸಿಕ್ಕಿತು. ಬಿಳಿ ಕಾರು ಮತ್ತೆ ಬೀದಿಯಲ್ಲಿ ನಿಧಾನವಾಗಿ ಓಡಾಡತೊಡಗಿತು.

ಸ್ವಲ್ಪ ದಿನ ಬೇರೆ ಊರಿಗೆ ಹೋಗಿ ಇರೋಣವೇ ಎಂದು ಮಗ ಕೇಳಿದ. ಸೊಸೆ ಕೋಟಿನ ಗುಂಡಿ ಹಾಕುತ್ತ, ಮೇಲಿನ ಕೋರ್ಟಿನಲ್ಲೂ ತಾನೇ ವಾದಿಸುವುದಾಗಿ ಹೇಳಿದಳು. ಮಗ ಅಪ್ಪನ ಮುಖ ನೋಡಿದ. ಮುದುಕರು ಹಿತ್ತಲಲ್ಲಿದ್ದ ತಮ್ಮ ಕುರ್ಚಿಯನ್ನು ಎಳೆದುಕೊಂಡು ಬಂದು ಮುಂಬಾಗಿಲ ಹೊರಗೆ, ಬೀದಿಗೆ ಮುಖ ಮಾಡಿ ಹಾಕಿಕೊಂಡು ಕೂತರು. ಮಗ ಒಳಗೆ ಹೋಗಿ ಇನ್ನೊಂದು ಕುರ್ಚಿ ತಂದು ಅಪ್ಪನ ಪಕ್ಕದಲ್ಲಿ ಹಾಕಿದ.