ಸೊಂಟನೋವಿನವರು ಹೊತ್ತ ಪೆಟ್ಟಿಗೆ

ಏಣಿಯ ಮೂರನೇ ಮೆಟ್ಟಿಲ ಮೇಲೆ ನಿಂತು ಮಾವ ಬೋರ್ಡಿನ ಎರಡನೇ ಸ್ಕ್ರೂ ಬಿಚ್ಚುತ್ತಿದ್ದರು. ಒಳಗೆ ಅವರ ತಂಗಿಯನ್ನು ಇನ್ನೂ ಪೆಟ್ಟಿಗೆಗೆ ಇಳಿಸಿರಲಿಲ್ಲ.

"ಮಾವ, ಇಳೀರಿ," ಎಂದಳು ಸತ್ತವಳ ಮಗಳು.

"ಹನ್ನೊಂದಕ್ಕೆ ನಮ್ಮ ಆಸ್ಪತ್ರೆಯವರು ಬರ್ತಾರೆ ಕಣೇ. ಸರ್ಜನ್ ಮನೇಲಿ 'ಸೂಜಿ ಚಿಕಿತ್ಸೆ' ಅಂತ ಬೋರ್ಡು ನೋಡಿದ್ರೆ ನನ್ನ ಮುಖ ಎಲ್ಲಿಟ್ಕೊಳ್ಳಲಿ?"

"ಇರೋ ಕಡೇನೇ ಇರ್ಲಿ. ಬೋರ್ಡೂ ಅಷ್ಟೇ."

"ಹೇಗೂ ನಾಳೆಯಿಂದ ಈ ರೂಮು ಹಲ್ಲಿನ ಡಾಕ್ಟರಿಗೆ. ಮಾತು ಕೊಟ್ಟಾಗಿದೆ. ಮನೆ ನಂದು."

"ಕೆಲಸ ನಂದು. ಓದಿದ್ದೀನಿ, ಪಾಸಾಗಿದ್ದೀನಿ, ಎಂಟು ವರ್ಷ ಅಮ್ಮನ ಪಕ್ಕದಲ್ಲಿ ನಿಂತು ಮಾಡಿದ್ದೀನಿ."

"ನೀನು ಏನೇ ಹೇಳು..."

"ಏಣಿ ಹಿಡ್ಕೊಂಡಿರೋದು ಯಾರು ಅಂತ ಒಂದ್ಸಲ ಕೆಳಗೆ ನೋಡಿ ಮಾವ."

ಮಾವ ನೋಡಿದರು. ಇಳಿದರು. ಬೋರ್ಡು ಒಂದು ಕಡೆ ವಾಲಿಕೊಂಡೇ ಉಳಿಯಿತು.

*

ಆ ಬೋರ್ಡು ಮೇಲೇರಿದ ದಿನವೂ ಮಾವ ಇಲ್ಲೇ ನಿಂತಿದ್ದರು. ಆಗ ಅವರಿಗೆ ತಲೆ ತುಂಬ ಕೂದಲಿತ್ತು, ಬಾಯಿ ತುಂಬ ನಗುವಿತ್ತು.

"ಗುಂಡುಪಿನ್ನು ಚುಚ್ಚಿ ಕಾಯಿಲೆ ಓಡಿಸ್ತೀಯೇನೇ?"

"ಓಡಿಸೋದು ನಿನ್ನ ಕೆಲಸ ಅಣ್ಣ. ನಾನು ನೋವಿರೋರನ್ನ ಮಲಗಿಸ್ತೀನಿ, ಅಷ್ಟೇ."

ತಂಗಿ ಪೊಟ್ಟಣ ಹರಿದು ತಲೆಗೂದಲಿನಷ್ಟು ತೆಳ್ಳಗಿನ ಸೂಜಿಯೊಂದನ್ನು ತೋರಿಸಿದ್ದಳು. ಒಬ್ಬರಿಗೆ ಒಂದೇ ಸಲ, ಆಮೇಲೆ ಕಸದ ಡಬ್ಬಿಗೆ. ಮೈಯೊಳಗೆ ಪ್ರಾಣಶಕ್ತಿ ಹರಿಯೋ ದಾರಿಗಳಿವೆ ಅಂತ ಈ ವಿದ್ಯೆ ಕಂಡುಹಿಡಿದ ಹಳಬರು ಹೇಳುತ್ತಿದ್ದರಂತೆ. ನರ, ಸ್ನಾಯು ಎನ್ನುತ್ತಾರೆ ಈಗಿನವರು.

"ನೀನು ಯಾವುದನ್ನ ನಂಬ್ತೀಯಾ?" ಎಂದಿದ್ದರು ಅಣ್ಣ.

"ಎದ್ದು ಹೋಗೋವಾಗ ಅವರ ಮುಖ ನೋಡ್ತೀನಲ್ಲ, ಅದನ್ನ. ಕೆಲವರಿಗೆ ನೋವು ಇಳಿಯುತ್ತೆ, ಕೆಲವರಿಗೆ ನಿದ್ದೆ ಬರುತ್ತೆ. ಕೆಲವರಿಗೆ ಏನೂ ಆಗಲ್ಲ. ಅವರಿಗೆ ಅದನ್ನೇ ಹೇಳಿ ಕಳಿಸ್ತೀನಿ."

ಒಂದು ಸಲ ದರ್ಜಿ ಕುತ್ತಿಗೆನೋವು ಅಂತ ಬಂದಾಗ ಅವಳ ಬೆರಳಿಗೆ ಗಡ್ಡೆ ಸಿಕ್ಕಿತು. ಸೂಜಿ ಮುಟ್ಟಲಿಲ್ಲ. ಅವನ ರಟ್ಟೆ ಹಿಡಿದು ಸೀದಾ ಅಣ್ಣನ ಆಸ್ಪತ್ರೆಗೆ ಎಳೆದೊಯ್ದಳು. ಅಣ್ಣ ಕೊಯ್ದರು, ದರ್ಜಿ ಉಳಿದ. ಆ ಮೇಲೂ ಅಣ್ಣ ಮಾತಿನಲ್ಲಿ ಚುಚ್ಚುವುದನ್ನು ಬಿಡಲಿಲ್ಲ, ತಂಗಿ ಸೂಜಿಯಲ್ಲಿ ಚುಚ್ಚುವುದನ್ನು ಬಿಡಲಿಲ್ಲ. ಇಬ್ಬರಲ್ಲಿ ಅವಳ ಕೈಯೇ ಹಗುರ ಎಂದು ಊರೆಲ್ಲ ಹೇಳುತ್ತಿತ್ತು.

*

ಪೆಟ್ಟಿಗೆ ಎತ್ತಲು ವ್ಯಾನಿನವರು ಮುಂದೆ ಬಂದರು. ಅವರಿಗೆ ಬಸ್ ಡ್ರೈವರ್ ಅಡ್ಡ ನಿಂತ.

"ನೀವು ಸರೀರಿ. ಸೂಜಿಯಮ್ಮನ್ನ ನಾವು ಹೊರ್ತೀವಿ."

ನಾವು ಎಂದರೆ ಡ್ರೈವರಿನ ಸೊಂಟ, ದರ್ಜಿಯ ಕುತ್ತಿಗೆ, ಪೇಂಟರಿನ ಭುಜ, ಮೇಷ್ಟ್ರ ಮಂಡಿ. ನಾಲ್ವರಲ್ಲಿ ಸರಿಯಿದ್ದ ಭಾಗಗಳನ್ನೆಲ್ಲ ಆರಿಸಿ ಜೋಡಿಸಿದರೆ ಒಬ್ಬ ಗಟ್ಟಿಮುಟ್ಟಾದ ಆಳು ಆಗುತ್ತಿದ್ದನೇನೋ.

"ಅವಳಿದ್ದಿದ್ರೆ ನಿಮ್ಮನ್ನ ಬೈದು ಕೂರಿಸ್ತಿದ್ಲು," ಎಂದರು ಮಾವ.

"ಅವರಿದ್ದಿದ್ರೆ ಎತ್ತೋದೇ ಬೇಕಿರ್ಲಿಲ್ವಲ್ಲ ಸಾರ್," ಎಂದ ಡ್ರೈವರ್. ಕಣ್ಣೊರೆಸಿಕೊಂಡು ಬಗ್ಗಿದ.

ಎತ್ತಿದರು. ಆರು ಮೆಟ್ಟಿಲು ಇಳಿಸಿದರು. ಆಸ್ಪತ್ರೆಯವರು ಕೈಕಟ್ಟಿ ನೋಡಿದರು. ಅವರ ತಲೆಯ ಮೇಲೆ ಬೋರ್ಡು ವಾಲಾಡುತ್ತಿತ್ತು.

ಮಣ್ಣು ಮಾಡಿ ವಾಪಸ್ ಬರುವಾಗ ಡ್ರೈವರ್ ಅರ್ಧಕ್ಕೆ ಮಡಚಿಕೊಂಡಿದ್ದ. ನೆಲ ನೋಡುತ್ತಲೇ ಮಾತಾಡುತ್ತಿದ್ದ.

"ಸೊಂಟ ಹಿಡ್ಕೊಂಬಿಡ್ತು ಅಕ್ಕ. ನಾಳೆ ಬೆಳಗ್ಗೆ ಡ್ಯೂಟಿ ಇದೆ."

"ಆಸ್ಪತ್ರೆಗೆ ನಡಿ, ಇಂಜೆಕ್ಷನ್ ಹಾಕಿಸ್ತೀನಿ," ಎಂದರು ಮಾವ. ಅವರ ಕೈಯಲ್ಲಿ ಹೊಸ ಬೀಗವಿತ್ತು. "ಇವತ್ತು ಈ ಬಾಗಿಲು ತೆಗೆಯೋದು ಬೇಡ. ಸೂತಕದ ಮನೆ."

ಮಗಳು ಅವರನ್ನು ದಾಟಿಕೊಂಡು ಡ್ರೈವರ್ ಹತ್ತಿರ ಹೋದಳು. "ಕಾಲು ಜೋಮು ಹಿಡಿದಿದ್ಯಾ?"

"ಇಲ್ಲ."

"ಒಂದಕ್ಕೆ ಹೋಗೋಕೆ ಕಷ್ಟ ಆಗ್ತಿದ್ಯಾ?"

"ಛೆ, ಏನಕ್ಕ ಎಲ್ಲರೆದುರು..."

"ಆಗ್ತಿದ್ರೆ ನಾನೇ ನಿನ್ನನ್ನ ಮಾವನ ಜೊತೆ ಕಳಿಸ್ತೀನಿ. ಹೇಳು."

"ಇಲ್ಲಪ್ಪಾ ಇಲ್ಲ!"

ಮಾವ ಕೇಳಬೇಕೆಂದಿದ್ದ ಪ್ರಶ್ನೆಗಳೂ ಅವೇ.

ಮಗಳು ಬಾಗಿಲು ನೂಕಿ ಒಳಗೆ ಹೋಗಿ, ಬೆಳಗ್ಗೆ ಅಮ್ಮನನ್ನು ಮಲಗಿಸಿದ್ದ ಮಂಚದ ಹಾಸುಬಟ್ಟೆಯನ್ನು ತೆಗೆದಳು. ಒಂದು ಕ್ಷಣ ಎದೆಗೆ ಅವುಚಿಕೊಂಡಳು. ಹೊಸದು ಹಾಸಿ ಕೈ ತೊಳೆದು ಬಂದಳು. ಡ್ರೈವರ್ ಬೋರಲು ಬಿದ್ದ. ಮೊದಲ ಸೂಜಿ ಇಳಿಯಿತು.

"ಗೊತ್ತೇ ಆಗ್ಲಿಲ್ಲ," ಎಂದ ಅವನು. ಎರಡನೆಯದಕ್ಕೆ, "ಇದು ಗೊತ್ತಾಯ್ತು," ಎಂದ. ಹತ್ತನೆಯದು ಇಳಿಯುವ ಹೊತ್ತಿಗೆ ಗೊರಕೆ ಶುರುವಾಗಿತ್ತು.

"ನಾಳೆ ಹಲ್ಲಿನ ಡಾಕ್ಟರಿಗೆ ನಾನೇನು ಹೇಳಲಿ?" ಬಾಗಿಲಲ್ಲಿ ನಿಂತು ಕೇಳಿದರು ಮಾವ.

"ರೂಮು ಖಾಲಿ ಇಲ್ಲ ಅನ್ನಿ. ಈಗ ಹೊರಗೆ ಕೂತಿರಿ. ಸೂಜಿ ಹಾಕಿದ್ಮೇಲೆ ಇಪ್ಪತ್ತು ನಿಮಿಷ ಇಲ್ಲಿ ಮಾತಿಲ್ಲ."

ಬಾಗಿಲು ಮುಚ್ಚಿತು. ಒಳಗಿಂದ ಚಿಲಕ ಬಿತ್ತು.

ಹೊರಗಿನ ಬೆಂಚಿನ ಮೇಲೆ ಕುತ್ತಿಗೆ, ಭುಜ, ಮಂಡಿ ಸಾಲಾಗಿ ಕೂತಿದ್ದವು. ಮಾವ ಬಾಗಿಲ ಪಕ್ಕದ ತುದಿಗೆ ಬಂದರು. ದರ್ಜಿ ಜರುಗಲಿಲ್ಲ.

"ನಾನು ಮುಂಚೆ ಬಂದಿದ್ದೀನಿ ಸಾರ್. ನಿಮ್ಮದು ಆ ಕಡೆ, ಕೊನೇಲಿ."

ಸರ್ಜನ್ ಸಾಹೇಬರು ಮೂವರ ಮುಂದೆ ನಡೆದು ಹೋಗಿ, ಬೆಂಚಿನ ಆ ತುದಿಯಲ್ಲಿ ಉಳಿದಿದ್ದ ಗೇಣಗಲ ಜಾಗದಲ್ಲಿ ಅರ್ಧ ಕೂತರು. ಬೀಗ ತೊಡೆಯ ಮೇಲಿತ್ತು.